ಬಿಯರ್ ಲೋಟದಲ್ಲಿ ಕಂಡ ನಮ್ಮ ಪಲ್ಪಿಂಗ್ ತೊಟ್ಟಿ



ಸಂಘದ ಪತ್ರಿಕೆಯಲ್ಲಿ ಕಾರ್ಯದರ್ಶಿ ಬಿಯರ್ ಬಗ್ಗೆ ಬರೆಯುವುದೇ ಎಂದು ಹುಬ್ಬೇರಿಸಬೇಡಿ. ಕುಡಿತದಿಂದ ನಮ್ಮ ಕೂಲಿ ಲೈನುಗಳಲ್ಲಿ ಎಷ್ಟು ಸಂಸಾರಗಳು ಹಾಳಾಗಿವೆಯೆಂದು ನಿಮ್ಮಷ್ಟೇ ನನಗೂ ಗೊತ್ತು. ನಾನು ಹೇಳಹೊರಟಿರುವುದು ಹುದುಗುವಿಕೆಯ ವಿಚಾರ. ಅದು ಪ್ರತಿ ಕೊಯ್ಲಿನಲ್ಲೂ ನಮಗೆ ಎದುರಾಗುವಂಥದು.

ಕಳೆದ ತಿಂಗಳು ಬೆಂಗಳೂರಿಗೆ ಹೋಗಿದ್ದಾಗ ಅಕ್ಕನ ಮಗ, ಬಿಯರನ್ನು ಅಲ್ಲೇ ತಯಾರಿಸಿ ಅಲ್ಲೇ ಬಡಿಸುವ ಜಾಗವೊಂದಕ್ಕೆ ಕರೆದೊಯ್ದ. ಗಾಜಿನಾಚೆ, ನಾವು ಅಡಿಕೆ ಬೇಯಿಸುವ ಹಂಡೆಗಿಂತ ಎಷ್ಟೋ ಪಾಲು ದೊಡ್ಡದಾದ ಉಕ್ಕಿನ ಪಾತ್ರೆಗಳು. ಸಣ್ಣ ಲೋಟಗಳಲ್ಲಿ ಎರಡು ಬಗೆಯ ಗೋಧಿ ಬಿಯರ್ ಬಂತು.

“ಮಾವ, ಮೊದಲು ಮೂಸಿ ನೋಡಿ” ಎಂದ.

ಮೊದಲನೆಯದು ಮಬ್ಬು ಹಳದಿ, ಮೇಲೆ ದಪ್ಪ ನೊರೆ. ಮಾಗಿದ ಪಚ್ಚಬಾಳೆಯ ವಾಸನೆ, ಹಿಂದೆಯೇ ಲವಂಗ. “ಬಾಳೆಹಣ್ಣು ಎಷ್ಟು ಹಾಕಿರಬಹುದೋ?” ಎಂದೆ.

“ಒಂದು ಚೂರೂ ಇಲ್ಲ ಮಾವ. ಎಲ್ಲ ಯೀಸ್ಟಿನ ಕೆಲಸ.”

ಮಾತು ನಿಜ. ಜರ್ಮನಿಯ ಬವೇರಿಯಾ ಪದ್ಧತಿಯ ಈ ಬಿಯರಿಗೆ ಮೊಳಕೆ ಬರಿಸಿದ ಕಾಳಿನಲ್ಲಿ ಅರ್ಧಪಾಲಾದರೂ ಗೋಧಿ ಇರಬೇಕು, ಉಳಿದದ್ದು ಬಾರ್ಲಿ. ಹುದುಗುವಾಗ ಯೀಸ್ಟು ಐಸೋಅಮೈಲ್ ಅಸಿಟೇಟ್ ಎಂಬ ವಸ್ತುವನ್ನು ಉಂಟುಮಾಡುತ್ತದೆ. ಬಾಳೆಹಣ್ಣಿನ ಪರಿಮಳದಲ್ಲಿಯೂ ಇರುವುದು ಅದೇ. ಶಾಖ ಏರಿದರೆ ವಾಸನೆಯೂ ಏರುತ್ತದೆ.

ಎರಡನೆಯದು ಬೆಲ್ಜಿಯಂ ಪದ್ಧತಿಯದು. ಇದಕ್ಕೆ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ಹಾಕುತ್ತಾರೆ. ಹೂಗಾರ್ಡನ್ ಎಂಬ ಊರಿನಲ್ಲಿ ಇದನ್ನು ತಯಾರಿಸುತ್ತಿದ್ದ ಕೊನೆಯ ಕಾರ್ಖಾನೆ 1957ರಲ್ಲಿ ಮುಚ್ಚಿತು. ಅಲ್ಲಿ ಕೈಗೆಲಸ ಮಾಡಿ ಅನುಭವವಿದ್ದ ಹಾಲು ಮಾರುವ ಪಿಯರ್ ಸೆಲಿಸ್ 1966ರಲ್ಲಿ ಅದನ್ನು ಮತ್ತೆ ಆರಂಭಿಸಿದರು. ತುಸು ಹುಳಿ, ಸಿಪ್ಪೆಯ ಹಿತವಾದ ಕಹಿ. ನನಗೆ ಹಿಡಿಸಿದ್ದು ಇದೇ. ಕಾಫಿಯ ನಡುವೆ ನಾವು ಬೆಳೆಯುತ್ತಿದ್ದ ಕಿತ್ತಳೆ ನೆನಪಾಯಿತು.

ಆದರೆ ನನ್ನನ್ನು ಕಾಡಿದ್ದು ಮೊದಲ ಲೋಟ. ಹಣ್ಣಿಲ್ಲದೆ ಹಣ್ಣಿನ ವಾಸನೆ ತರಬಲ್ಲ ಹುದುಗು, ಅಲಕ್ಷಿಸಿದರೆ ನಾತವನ್ನೂ ತಂದೀತು. ಎರಡು ವರ್ಷದ ಹಿಂದೆ ಮದುವೆಯೊಂದಕ್ಕೆ ಹೋಗಿ, ತೊಟ್ಟಿಯಲ್ಲಿದ್ದ ಅರೇಬಿಕಾವನ್ನು ನಾಲ್ಕನೆಯ ದಿನ ತೊಳೆಸಿದೆ. ಒಣಗಿದ ಪಾರ್ಚ್‌ಮೆಂಟ್ ಕಣ್ಣಿಗೆ ಚೆನ್ನಾಗಿಯೇ ಇತ್ತು. ಬಟ್ಟಲಿಗೆ ಬಂದಾಗ ಕೊಳೆತ ಹಣ್ಣಿನ ವಾಸನೆ. ಬೆಲೆ ಮುರಿದುಕೊಂಡರು. ಯಾರನ್ನು ದೂರಲಿ? ವರ್ಷವಿಡೀ ಗೊಬ್ಬರ ಹಾಕಿ, ಚಿಗುರು ತೆಗೆದು, ಬೋರರ್ ಹುಳುವಿನಿಂದ ಉಳಿಸಿಕೊಂಡ ಫಸಲನ್ನು ಕೆಡಿಸಿದವನು ನಾನೇ.

ಆ ಉಕ್ಕಿನ ಪಾತ್ರೆಗಳಿಗೆ ಶಾಖಮಾಪಕವಿತ್ತು. ಹುದುಗಲು ಬಿಟ್ಟ ದಿನ, ಗಂಟೆಯನ್ನು ಹಲಗೆಯ ಮೇಲೆ ಬರೆದಿದ್ದರು. ನಮ್ಮ ತೊಟ್ಟಿಗಳಿಗೆ ಏನಿದೆ? ಮೇಸ್ತ್ರಿಯ ನೆನಪು ಮಾತ್ರ.

ಅರೇಬಿಕಾಗೆ ಸಾಮಾನ್ಯವಾಗಿ 24ರಿಂದ 36 ಗಂಟೆ. ರೊಬಸ್ಟಾಗೆ 72 ಗಂಟೆಯವರೆಗೂ ಹಿಡಿಯಬಹುದು. ಚಳಿ ಹೆಚ್ಚಿದರೆ ತಡ, ಬಿಸಿಲೇರಿದರೆ ಬೇಗ. ಆದ್ದರಿಂದ ಗಡಿಯಾರವೊಂದನ್ನೇ ನಂಬದೆ ಒಂದು ಹಿಡಿ ಬೀಜ ತೊಳೆದು ಉಜ್ಜಿ ನೋಡಿ. ಲೋಳೆ ಜಾರದೆ ಸಣ್ಣ ಕಲ್ಲಿನಂತೆ ಗರಗರ ಎಂದರೆ ತಡಮಾಡದೆ ತೊಳೆಸಿ.

ಈ ಕೊಯ್ಲಿಗೆ ತೊಟ್ಟಿಯ ಪಕ್ಕದಲ್ಲಿ ಒಂದು ನೋಟುಪುಸ್ತಕ ತೂಗುಹಾಕಿ. ಹಾಕಿದ ಗಂಟೆ, ತೊಳೆದ ಗಂಟೆ ಬರೆಯಿರಿ. ಮಹಾಸಭೆಗೆ ಬರುವಾಗ ಅದನ್ನೂ ತನ್ನಿ. ನನ್ನದನ್ನು ಮೊದಲು ನಾನೇ ತೋರಿಸುತ್ತೇನೆ.

— ಕಾರ್ಯದರ್ಶಿ