ಕೆರೆದಂಡೆಗೆ ಗೋಡೆ ಬೇಕೆ, ಇಳಿಜಾರು ಸಾಕೆ?

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ನೆಲಮಂಗಲ ದಾಟಿ ದಾಬಸ್‌ಪೇಟೆಯನ್ನು ಸಮೀಪಿಸಿದಂತೆ ಎಡಗಡೆಯಲ್ಲಿ ಶಿವಗಂಗೆ ಬೆಟ್ಟ ಕಾಣಿಸಿಕೊಳ್ಳುತ್ತದೆ. ಸೋಂಪುರ ಹೋಬಳಿ ಇರುವುದು ಇದರ ಆಸುಪಾಸಿನಲ್ಲಿ. ಬೆಟ್ಟದಲ್ಲಿ ಹುಟ್ಟುವ ಕುಮುದ್ವತಿ ತಿಪ್ಪಗೊಂಡನಹಳ್ಳಿಯ ಬಳಿ ಅರ್ಕಾವತಿಯನ್ನು ಸೇರುತ್ತದೆ. ಆ ಸಂಗಮದಲ್ಲಿ 1933ರಲ್ಲಿ ಕಟ್ಟಿದ ಜಲಾಶಯ ದಶಕಗಳ ಕಾಲ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟಿತು. ಅಂದರೆ ಈ ಸೀಮೆಯ ಕೆರೆಗಳ ಅಂಚಿನಿಂದ ಕದಲುವ ಮಣ್ಣು ಆ ಕೆರೆಯೊಂದರ ಸಮಸ್ಯೆಯಾಗಿ ಉಳಿಯುವುದಿಲ್ಲ. ಕೋಡಿ ಬಿದ್ದಾಗಲೆಲ್ಲ ಅದರ ಒಂದು ಪಾಲು ಕೆಳಗಿನ ಕೆರೆಗೆ ಇಳಿಯುತ್ತದೆ.

ಸೋಂಪುರದಲ್ಲಿ ಕೈಗಾರಿಕಾ ಪ್ರದೇಶ ಬಂದ ಮೇಲೆ ಬಡಾವಣೆಗಳೂ ತೋಟದ ಮನೆಗಳೂ ಬಂದವು. ಕೆರೆ ಕಾಣುವ ನಿವೇಶನಕ್ಕೆ ಬೆಲೆಯೂ ಹೆಚ್ಚು. ಬರದ ವರ್ಷದಲ್ಲಿ ನಿವೇಶನ ಕೊಂಡವರಿಗೆ ಕೆರೆಯೆಂಬುದು ದೂರದಲ್ಲಿ ಮಿನುಗುವ ಒಂದು ಪಟ್ಟಿ. 2022ರಂತಹ ವರ್ಷ ಬಂದಾಗ, ಅಂದರೆ ಬೆಂಗಳೂರಿನ ವಾರ್ಷಿಕ ಮಳೆ ಹಿಂದಿನ ದಾಖಲೆಗಳನ್ನೆಲ್ಲ ಮುರಿದಾಗ, ನೀರು ಬೇಲಿಯ ಬುಡಕ್ಕೆ ಬರುತ್ತದೆ. ಅಲೆ ಬಡಿದು ಅಂಚಿನ ಮಣ್ಣು ತುಂಡು ತುಂಡಾಗಿ ಕುಸಿಯುತ್ತದೆ. ಮನೆಯವರು ಗಾಬರಿಯಾಗಿ ಮೇಸ್ತ್ರಿಯನ್ನು ಕರೆಸುತ್ತಾರೆ; ಮೇಸ್ತ್ರಿ ನೆಟ್ಟಗಿನ ಕಾಂಕ್ರೀಟ್ ಗೋಡೆಯೊಂದನ್ನು ಸೂಚಿಸುತ್ತಾನೆ. ಅದರ ಹಿಂದೆ ಮಣ್ಣು ತುಂಬಿ ಹುಲ್ಲುಹಾಸು ಬೆಳೆಸಿದರೆ ನೋಡಲು ಅಚ್ಚುಕಟ್ಟು, ಒಮ್ಮೆ ಖರ್ಚು ಮಾಡಿದರೆ ಮುಗಿಯಿತು ಎಂಬ ಭಾವನೆ. ಭೌತವಿಜ್ಞಾನದ ದೃಷ್ಟಿಯಿಂದ ನೋಡಿದರೆ ಖರ್ಚು ಆರಂಭವಾಗುವುದೇ ಅಲ್ಲಿಂದ.

ಅಲೆಯಲ್ಲಿ ಎಷ್ಟು ಶಕ್ತಿಯಿದೆ?

ಕೆರೆಯ ಅಲೆಗಳನ್ನು ಎಬ್ಬಿಸುವುದು ಗಾಳಿ. ಅಲೆ ಎಷ್ಟು ಎತ್ತರಕ್ಕೆ ಬೆಳೆಯುತ್ತದೆ ಎಂಬುದು ಮುಖ್ಯವಾಗಿ ಎರಡು ಅಂಶಗಳನ್ನು ಅವಲಂಬಿಸಿದೆ: ಗಾಳಿಯ ವೇಗ ಮತ್ತು ಗಾಳಿಯು ನೀರಿನ ಮೇಲೆ ತಡೆಯಿಲ್ಲದೆ ಸಾಗುವ ದೂರ. ಈ ದೂರವನ್ನು ನಾವಿಲ್ಲಿ 'ಗಾಳಿಹರವು' ಎಂದು ಕರೆಯೋಣ. ಸಾಕಷ್ಟು ಆಳವಿರುವ ಸಣ್ಣ ಜಲರಾಶಿಗಳಲ್ಲಿ ಅಲೆಯ ಎತ್ತರವು ವೇಗಕ್ಕೂ ಗಾಳಿಹರವಿನ ವರ್ಗಮೂಲಕ್ಕೂ ಅನುಪಾತದಲ್ಲಿರುತ್ತದೆ. ತೀರ ಎಂಜಿನಿಯರಿಂಗ್‌ನಲ್ಲಿ ಬಳಕೆಯಲ್ಲಿರುವ ಸೂತ್ರ ಹೀಗಿದೆ: ವೇಗವನ್ನು 0.0016ರಿಂದ ಗುಣಿಸಿ, ಅದನ್ನು ಗಾಳಿಹರವು ಮತ್ತು ಗುರುತ್ವ ವೇಗೋತ್ಕರ್ಷಗಳ ಭಾಗಲಬ್ಧದ ವರ್ಗಮೂಲದಿಂದ ಮತ್ತೆ ಗುಣಿಸಬೇಕು.

ಒಂದು ಕಿಲೋಮೀಟರ್ ಅಗಲದ ಕೆರೆಯ ಮೇಲೆ ಸೆಕೆಂಡಿಗೆ 10 ಮೀಟರ್ ವೇಗದ, ಅಂದರೆ ಗಂಟೆಗೆ 36 ಕಿ.ಮೀ. ವೇಗದ ಗಾಳಿ ಬೀಸುತ್ತಿದೆ ಎಂದುಕೊಳ್ಳಿ. ಅಲೆಯ ಎತ್ತರ ಸುಮಾರು 16 ಸೆಂ.ಮೀ. ಬರುತ್ತದೆ. ಇದರ ಆವರ್ತಕಾಲ 1.3 ಸೆಕೆಂಡುಗಳ ಆಸುಪಾಸು, ಅಲೆಯುದ್ದ 2.8 ಮೀಟರ್. ಸಮುದ್ರ ನೋಡಿದವರಿಗೆ ಇದು ಅಲೆಯೇ ಅಲ್ಲ. ಆದರೆ ಲೆಕ್ಕ ಮುಂದುವರಿಸಿ. ಅಲೆಗಳೆಲ್ಲ ಒಂದೇ ಎತ್ತರದವೆಂದು ಭಾವಿಸಿದರೆ ದಂಡೆಯ ಪ್ರತಿ ಮೀಟರಿಗೆ ಅವು ತಂದು ಸುರಿಯುವ ಸಾಮರ್ಥ್ಯ ಸುಮಾರು 30 ವ್ಯಾಟ್. ಒಂದು ಗಂಟೆಗೆ ಇದು 1,08,000 ಜೂಲ್‌ಗಳಾಯಿತು. 11 ಟನ್ ಮಣ್ಣನ್ನು ಒಂದು ಮೀಟರ್ ಎತ್ತರಕ್ಕೆ ಎತ್ತಲು ಬೇಕಾದಷ್ಟು ಶಕ್ತಿ ಇದು! ಈ ಶಕ್ತಿಯೆಲ್ಲ ಮಣ್ಣು ಕೀಳುವುದಕ್ಕೇ ವಿನಿಯೋಗವಾಗುವುದಿಲ್ಲ, ನಿಜ; ಬಹುಪಾಲು ಪ್ರಕ್ಷುಬ್ಧತೆಯಲ್ಲಿ ಕರಗಿ ಶಾಖವಾಗುತ್ತದೆ. ಅದು ಎಲ್ಲಿ, ಹೇಗೆ ಕರಗಬೇಕೆಂದು ತೀರ್ಮಾನಿಸುವುದು ದಂಡೆಯ ಆಕಾರ.

ಗೋಡೆ ಮಾಡುವುದೇನು?

ನೆಟ್ಟಗಿನ ನಯವಾದ ಗೋಡೆ ಅಲೆಯ ಶಕ್ತಿಯನ್ನು ಹೀರುವುದಿಲ್ಲ, ಹಿಂದಿರುಗಿಸುತ್ತದೆ. ಬರುವ ಅಲೆ, ಪ್ರತಿಫಲಿಸಿದ ಅಲೆ ಎರಡೂ ಅಧ್ಯಾರೋಪಗೊಂಡು ಸ್ಥಾಯೀ ಅಲೆ ಉಂಟಾಗುತ್ತದೆ. ಗೋಡೆಯ ಮೇಲೆ ನೀರಿನ ಏರಿಳಿತ ಇಮ್ಮಡಿಯಾಗುತ್ತದೆ. ದ್ವಿತೀಯ ಪಿಯುಸಿ ವಿದ್ಯಾರ್ಥಿಗಳು ತಂತಿಯ ಮೇಲೆ ಕಂಡ ವಿದ್ಯಮಾನವೇ ಇಲ್ಲಿ ನೀರಿನಲ್ಲಿದೆ, ಒಂದು ವ್ಯತ್ಯಾಸದೊಡನೆ: ಇಲ್ಲಿ ತಳದಲ್ಲಿ ಸಡಿಲ ಮಣ್ಣಿದೆ. ಮೊದಲಿನ ಉದಾಹರಣೆಯ ಅಲೆಯೇ ಆದರೂ 30 ಸೆಂ.ಮೀ. ಆಳದಲ್ಲಿ ತಳದ ನೀರು ಸೆಕೆಂಡಿಗೆ 35 ಸೆಂ.ಮೀ.ನಷ್ಟು ವೇಗದಲ್ಲಿ ಹಿಂದೆ ಮುಂದೆ ಓಡಾಡುತ್ತದೆ. ಮರಳಿನ ಕಣ ಕದಲಲು ಇದು ಧಾರಾಳವಾಗಿ ಸಾಕು. ಪ್ರತಿಫಲಿತ ಅಲೆಯೂ ಸೇರಿದಾಗ ಗೋಡೆಯ ಮುಂದಿನ ತಳ ಇನ್ನೂ ಬೇಗ ಕೊರೆಯುತ್ತದೆ. ಹೀಗೆ ಉಂಟಾಗುವ ಗುಂಡಿಯ ಆಳ ಅಲೆಯ ಎತ್ತರದಷ್ಟು ಆಗಬಹುದೆಂಬುದು ಎಂಜಿನಿಯರುಗಳ ಸ್ಥೂಲ ಅಂದಾಜು. ಆಳ ಹೆಚ್ಚಿದ ಮೇಲೆ ಅಲೆ ಒಡೆಯದೆ ನೇರವಾಗಿ ಗೋಡೆಯವರೆಗೂ ಬರುತ್ತದೆ. ಗೋಡೆ ತನ್ನ ಪಾಯವನ್ನು ತಾನೇ ತೋಡಿಸಿಕೊಂಡಂತೆ.

ಇನ್ನೊಂದು ಅಪಾಯ ಹಿಂದಿನಿಂದ ಬರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಕೆರೆ ಬತ್ತಿರುವಾಗ ಒಂದು ಜೋರು ಗುಡುಗುಮಳೆ ಬಿದ್ದರೆ ಗೋಡೆಯ ಹಿಂದಿನ ಮಣ್ಣು ನೀರು ಕುಡಿದು ಕೂರುತ್ತದೆ. ಒಂದು ಮೀಟರ್ ಎತ್ತರದವರೆಗೆ ನಿಂತ ನೀರು ಗೋಡೆಯ ಪ್ರತಿ ಮೀಟರ್ ಉದ್ದವನ್ನು 4,900 ನ್ಯೂಟನ್ ಬಲದಿಂದ, ಎಂದರೆ ಸುಮಾರು 500 ಕಿಲೋಗ್ರಾಂ ತೂಕದಷ್ಟು ಬಲದಿಂದ ತಳ್ಳುತ್ತದೆ. ಮಣ್ಣಿನ ಒತ್ತಡ ಇದಲ್ಲದೆ ಬೇರೆ. ಎದುರಿನಿಂದ ಒತ್ತಿ ಹಿಡಿಯಬೇಕಾದ ಕೆರೆನೀರು ಆಗ ಅಲ್ಲಿರುವುದಿಲ್ಲ. ಬಸಿರಂಧ್ರಗಳನ್ನು ಬಿಡದ ಗೋಡೆಗಳು ಕೆರೆಯ ಕಡೆಗೆ ವಾಲುವುದು ಈ ಕಾರಣದಿಂದ. ಹೀಗಾಗಿ ಗೋಡೆ ಬಿರುಕು ಬಿಟ್ಟಾಗ ಅಲೆಯೊಂದನ್ನೇ ದೂಷಿಸುವುದು ಸರಿಯಲ್ಲ.

ಹಳೆಯ ಕೆರೆಗಳ ಏರಿಯನ್ನು ಗಮನಿಸಿ ನೋಡಿ. ನೀರಿನ ಕಡೆಯ ಮುಖ ಇಳಿಜಾರಾಗಿದೆ. ಅದರ ಮೇಲೆ ಗಾರೆಯಿಲ್ಲದೆ ಒರಟು ಕಲ್ಲುಗಳನ್ನು ಜೋಡಿಸಿದ್ದಾರೆ. ಕಲ್ಲಿನ ಸಂದಿಗಳಲ್ಲಿ ನುಗ್ಗಿದ ನೀರು ಸುಳಿಯಾಗಿ ಶಕ್ತಿ ಕಳೆದುಕೊಳ್ಳುತ್ತದೆ, ಒಳಗಿನ ನೀರು ಅದೇ ಸಂದಿಗಳ ಮೂಲಕ ಹೊರಬರುತ್ತದೆ. ನಯವಾದ ಇಳಿಜಾರಿನ ಮೇಲೆ ಅಲೆ ಎಷ್ಟು ಎತ್ತರಕ್ಕೆ ಏರುತ್ತದೋ ಒರಟು ಕಲ್ಲಿನ ಮೇಲೆ ಸರಿಸುಮಾರು ಅದರ ಅರ್ಧದಷ್ಟು ಮಾತ್ರ ಏರುತ್ತದೆ. ಈಚೆಗೆ ಕೆರೆ ಅಭಿವೃದ್ಧಿಯ ಹೆಸರಿನಲ್ಲಿ ಆ ಸಂದಿಗಳಿಗೆಲ್ಲ ಸಿಮೆಂಟ್ ತುಂಬುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ.

ಇಳಿಜಾರಿನ ಲೆಕ್ಕ

ಏರಿಯ ಕಡೆ ಆಳವಿರುವುದರಿಂದ ಕಲ್ಲು ಬೇಕು. ಮನೆಗಳು ಬರುವುದು ಸಾಮಾನ್ಯವಾಗಿ ಉಳಿದ ಕಡೆಗಳಲ್ಲಿ. ಅಲ್ಲಿ ನೆಲ ಸಹಜವಾಗಿಯೇ ಮೆಲ್ಲಗೆ ಇಳಿಯುತ್ತದೆ. ಅದೊಂದು ಆಸ್ತಿ. ಒಡೆಯುವ ಅಲೆಯು ಇಳಿಜಾರಿನ ಮೇಲೆ ಎಷ್ಟು ಏರುತ್ತದೆಂಬುದು ಇಳಿಜಾರಿನ ಕಡಿದಿಗೆ ನೇರ ಅನುಪಾತದಲ್ಲಿದೆ. ನಮ್ಮ 16 ಸೆಂ.ಮೀ. ಅಲೆ ಮೂರಕ್ಕೆ ಒಂದರ ನಯವಾದ ಇಳಿಜಾರಿನಲ್ಲಿ ಸುಮಾರು 22 ಸೆಂ.ಮೀ. ಏರುತ್ತದೆ. ಆರಕ್ಕೆ ಒಂದಾದರೆ 11 ಸೆಂ.ಮೀ., ಹತ್ತಕ್ಕೆ ಒಂದಾದರೆ 7 ಸೆಂ.ಮೀ. ಮಾತ್ರ. ತೀರ ಮಂದವಾದ ಇಳಿಜಾರಿನಲ್ಲಿ ಅಲೆ ದೂರದಲ್ಲೇ ನೊರೆಯಾಗಿ ಚೆಲ್ಲಿಕೊಂಡು, ದಡ ಮುಟ್ಟುವ ಹೊತ್ತಿಗೆ ಬಳಲಿರುತ್ತದೆ. ಪ್ರತಿಫಲನವೂ ನಗಣ್ಯ.

ಆದ್ದರಿಂದ ಕುಸಿದ ಅಂಚಿಗೆ ಮಾಡಬೇಕಾದ ಮೊದಲ ಕೆಲಸ ಏನನ್ನಾದರೂ ಕಟ್ಟುವುದಲ್ಲ. ನಿಮ್ಮ ಜಮೀನಿನ ಕಡೆಗೆ ಅಂಚನ್ನು ಕೊರೆದು ಐದಕ್ಕೆ ಒಂದಕ್ಕಿಂತ ಮಂದವಾದ ಇಳಿಜಾರು ಮಾಡಬೇಕು. ಕೆರೆಯ ಕಡೆಗೆ ಮಣ್ಣು ತುಂಬಿ ಇಳಿಜಾರು ಮಾಡುವಂತಿಲ್ಲ. ಅದು ಒತ್ತುವರಿ, 2014ರ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮ ಅದನ್ನು ನಿಷೇಧಿಸುತ್ತದೆ. ಕೆರೆಯಂಗಳ ನಮ್ಮ ತೋಟದ ಮುಂದುವರಿಕೆಯಲ್ಲ. ಕೆರೆಯಿಂದ ಎಷ್ಟು ಮೀಟರ್ ಬಿಟ್ಟು ಕಟ್ಟಬೇಕೆಂಬ ವಿವಾದವೂ ಹಳೆಯದು: ಬೆಂಗಳೂರಿನ ಕೆರೆಗಳಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ 75 ಮೀಟರ್ ಎಂದಿತು, 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ತೆಗೆದುಹಾಕಿತು. ಕಾನೂನಿನ ಸಂಖ್ಯೆ ಬದಲಾದೀತು, ಅಲೆಯ ಲೆಕ್ಕ ಬದಲಾಗದು.

ನೀರು ಒಂದೆಡೆ ನಿಲ್ಲುವುದಿಲ್ಲ

ತಣ್ಣನೆಯ ದೇಶಗಳ ಸರೋವರಗಳನ್ನು ಕುರಿತ ಉದ್ಯಾನದ ಪುಸ್ತಕಗಳಲ್ಲಿ ನೀರಿನ ಅಂಚು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿರುತ್ತದೆ. ನಮ್ಮ ಕೆರೆಗಳು ಹಾಗಲ್ಲ. ಬೇಸಿಗೆಯಲ್ಲಿ ದಿನಕ್ಕೆ 5ರಿಂದ 7 ಮಿ.ಮೀ. ನೀರು ಆವಿಯಾಗುತ್ತದೆ. ಹತ್ತಕ್ಕೆ ಒಂದರ ಇಳಿಜಾರಿನಲ್ಲಿ 6 ಮಿ.ಮೀ. ಇಳಿದರೆ ಅಂಚು 6 ಸೆಂ.ಮೀ. ಹಿಂದೆ ಸರಿಯಿತು, ಒಂದು ಮೀಟರ್ ಇಳಿಯುವಷ್ಟರಲ್ಲಿ 10 ಮೀಟರ್ ಕೆಸರು ಬಯಲಾಯಿತು. ಹೀಗಿರುವಾಗ 'ದಂಡೆ' ಎಂಬುದು ಒಂದು ಗೆರೆಯಲ್ಲ, ಅಗಲವಾದ ಒಂದು ಪಟ್ಟೆ.

ಗಾಳಿಯ ಕಾಲವನ್ನೂ ಇದರೊಂದಿಗೆ ಸೇರಿಸಿ ನೋಡಬೇಕು. ನಮ್ಮಲ್ಲಿ ಗಾಳಿ ಅತಿ ಬಿರುಸಾಗಿರುವುದು ಜೂನ್‌ನಿಂದ ಆಗಸ್ಟ್‌ವರೆಗೆ, ಪಶ್ಚಿಮ ಮತ್ತು ನೈಋತ್ಯ ದಿಕ್ಕುಗಳಿಂದ. ಆದರೆ ಈ ಭಾಗದಲ್ಲಿ ಕೆರೆ ತುಂಬಿಸುವ ಮಳೆ ಹೆಚ್ಚಾಗಿ ಬೀಳುವುದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಹೀಗಾಗಿ ಬಿರುಗಾಳಿಯ ಅಲೆಗಳು ಪೂರ್ವ ಮತ್ತು ಈಶಾನ್ಯ ದಡಗಳನ್ನು ಬಡಿಯುವಾಗ ನೀರು ಸಾಮಾನ್ಯವಾಗಿ ಕೆಳಗಿರುತ್ತದೆ. ಅವು ಕೆರೆಯಂಗಳದ ಕೆಳಭಾಗವನ್ನು ಕೊರೆಯುತ್ತವೆ. ಕೆರೆ ತುಂಬಿದ ಮೇಲೆ ಗಾಳಿ ಈಶಾನ್ಯಕ್ಕೆ ತಿರುಗಿರುತ್ತದೆ. ಅದು ಅಷ್ಟು ಬಿರುಸಲ್ಲದಿದ್ದರೂ ನೀರು ಬೇಲಿಯ ಹತ್ತಿರವಿರುವುದರಿಂದ ಪಶ್ಚಿಮ ಮತ್ತು ನೈಋತ್ಯ ದಡದ ಮನೆಗಳ ಅಂಚಿಗೆ ತಾಗುತ್ತದೆ. ನಿಮ್ಮ ನಿವೇಶನ ಯಾವ ದಡದಲ್ಲಿದೆ, ಎದುರಿಗೆ ಎಷ್ಟು ದೂರ ನೀರಿದೆ ಎಂಬುದನ್ನು ತಿಳಿಯದೆ ಗಿಡ ಕೊಳ್ಳಲು ನರ್ಸರಿಗೆ ಹೋಗಬೇಡಿ. ಗಾಳಿಹರವು ಕಾಲುಭಾಗವಾದರೆ ಅಲೆಯ ಎತ್ತರ ಅರ್ಧವಾಗುತ್ತದೆ, ಶಕ್ತಿ ಕಾಲುಭಾಗವಾಗುತ್ತದೆ. 250 ಮೀಟರ್ ಅಗಲದ ಊರಕೆರೆಗೆ ಬರೀ ಗರಿಕೆ ಸಾಕಾಗಬಹುದು.

ಬೇರಿನ ಕೆಲಸ

ನೀರಿನಲ್ಲಿ ನಿಂತ ಕಾಂಡಗಳು ಅಲೆಯ ಮೇಲೆ ಎಳೆತವನ್ನು ಬೀರುತ್ತವೆ. ಎಳೆತವು ನೀರಿನ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ದೊಡ್ಡ ಅಲೆ ತನ್ನ ಶಕ್ತಿಯ ಹೆಚ್ಚಿನ ಪಾಲನ್ನು ಕಳೆದುಕೊಳ್ಳುತ್ತದೆ. ಮೊಣಕಾಲುದ್ದ ನೀರಿನಲ್ಲಿ ಸಹಜವಾಗಿ ಬಂದಿರುವ ಜೊಂಡನ್ನು ನೋಟಕ್ಕೆ ಅಡ್ಡವೆಂದು ಕಿತ್ತೆಸೆಯುವವರು ಪುಕ್ಕಟೆ ಅಲೆತಡೆಯೊಂದನ್ನು ಎಸೆಯುತ್ತಿದ್ದಾರೆ. ಕಿಟಕಿಯ ನೇರಕ್ಕೆ ಒಂದು ಕಿಂಡಿ ಬಿಟ್ಟುಕೊಂಡರೆ ನೋಟವೂ ಉಳಿಯುತ್ತದೆ. ಜೊಂಡು ಅತಿಯಾಗಿ ಹರಡುವ ಸಸ್ಯ ಎಂಬುದೂ ನಿಜ, ಹೊಸದಾಗಿ ನೆಡಬೇಕಾಗಿಲ್ಲ.

ಅಂಚಿನಲ್ಲಿ, ಆಗಾಗ ಮುಳುಗಿ ಆಗಾಗ ಒಣಗುವ ಜಾಗಕ್ಕೆ ಲಾಮಂಚಕ್ಕಿಂತ ಉತ್ತಮ ಹುಲ್ಲು ನನಗೆ ತಿಳಿದಿಲ್ಲ. ಇದರ ಬೇರು ಅಡ್ಡಕ್ಕೆ ಹರಡದೆ ನೇರವಾಗಿ ಎರಡು-ಮೂರು ಮೀಟರ್ ಇಳಿಯುತ್ತದೆ. ಬೇರಿನ ಸರಾಸರಿ ಕರ್ಷಣ ಬಲ ಚದರ ಮಿಲಿಮೀಟರಿಗೆ 75 ನ್ಯೂಟನ್, ಸಾಧಾರಣ ಉಕ್ಕಿನ ಆರನೆಯ ಒಂದು ಭಾಗ. ಕಾಂಕ್ರೀಟಿನೊಳಗೆ ಕಬ್ಬಿಣದ ಸರಳು ಮಾಡುವ ಕೆಲಸವನ್ನು ಮಣ್ಣಿನೊಳಗೆ ಇದು ಮಾಡುತ್ತದೆ. ವಿಶ್ವಬ್ಯಾಂಕಿನ ತಜ್ಞರು 1980ರ ದಶಕದಲ್ಲಿ ಲಾಮಂಚವನ್ನು ಮಣ್ಣು ಸಂರಕ್ಷಣೆಗೆ ಪ್ರಚಾರ ಮಾಡತೊಡಗಿದಾಗ ಗುಂಡ್ಲುಪೇಟೆ ಸೀಮೆಯ ರೈತರು ತಲೆಮಾರುಗಳಿಂದ ಹೊಲದ ಗಡಿಗೆ ಅದನ್ನೇ ಸಾಲಾಗಿ ನೆಡುತ್ತಿದ್ದರು. ನಮ್ಮ ಕಡೆಯ ತಳಿ ಬೀಜದಿಂದ ಹರಡುವುದಿಲ್ಲವಾದ್ದರಿಂದ ಕಳೆಯಾಗುವ ಭಯವಿಲ್ಲ. ನೀರಿನ ಅಂಚಿಗೆ ಸಮಾನಾಂತರವಾಗಿ, ಸಮೋನ್ನತಿ ರೇಖೆಯ ಮೇಲೆ, ಗೇಣು ಅಂತರದಲ್ಲಿ ತೆಂಡೆಗಳನ್ನು ನೆಟ್ಟು ಎರಡು-ಮೂರು ಸಾಲು ಮಾಡಿ. ಸಾಲುಗಳ ನಡುವೆ ಗರಿಕೆ ತಾನಾಗಿ ಹಬ್ಬುತ್ತದೆ. ತೇವವಿರುವಲ್ಲಿ ಒಂದೆಲಗ, ಬಜೆ, ಮೇಲೆ ಲಕ್ಕಿ, ಅದಕ್ಕೂ ಮೇಲೆ ಹೊಂಗೆ, ನೇರಳೆ, ಹೊಳೆಮತ್ತಿ. ಇವೆಲ್ಲ ಈ ಮಣ್ಣಿಗೆ ಒಗ್ಗಿದವು, ಬೇರೂರಿದ ಮೇಲೆ ನೀರು ಹಾಯಿಸುವಂತಿಲ್ಲ.

ಮರಗಳನ್ನು ಏರಿಯ ಮೇಲೆ ಮಾತ್ರ ನೆಡಕೂಡದು. ಮರ ಸತ್ತು ಬೇರು ಕೊಳೆತರೆ ಆ ಜಾಗ ಕೊಳವೆಯಾಗಿ ನೀರು ಜಿನುಗಲು ದಾರಿಯಾಗುತ್ತದೆ. ಏರಿ ಒಡೆಯುವುದು ಹೀಗೂ ಉಂಟು.

ಹುಲ್ಲುಹಾಸಿನ ಬೆಲೆ

ನೀರಿನ ಅಂಚಿನವರೆಗೆ ಹಾಸಿದ ವಿದೇಶಿ ಹುಲ್ಲಿಗೆ ಬೇರು ಆಳವಿಲ್ಲ, ಹಸಿವು ಮಾತ್ರ ಬಹಳ. 50 ಕಿಲೋಗ್ರಾಂ ಡಿಎಪಿ ಚೀಲದಲ್ಲಿ ಸುಮಾರು 10 ಕಿಲೋಗ್ರಾಂ ರಂಜಕವಿರುತ್ತದೆ. ಪಾಚಿಯ ಸರಾಸರಿ ರಾಸಾಯನಿಕ ಸಂಯೋಜನೆಯಿಂದ ಲೆಕ್ಕ ಹಾಕಿದರೆ ಒಂದು ಗ್ರಾಂ ರಂಜಕವು ನೂರು ಗ್ರಾಂಗೂ ಹೆಚ್ಚು ಒಣತೂಕದ ಪಾಚಿಯನ್ನು ಬೆಳೆಸಬಲ್ಲದು. ಚೀಲದ ಹತ್ತನೆಯ ಒಂದು ಭಾಗ ಮಳೆಯಲ್ಲಿ ಕೊಚ್ಚಿ ಕೆರೆ ಸೇರಿದರೂ ಒಂದು ಕ್ವಿಂಟಾಲ್‌ಗೂ ಹೆಚ್ಚು ಪಾಚಿ! ಅದು ಕೊಳೆಯುವಾಗ ಮೀನಿಗೆ ಬೇಕಾದ ಆಮ್ಲಜನಕವನ್ನು ತಿನ್ನುತ್ತದೆ, ವಾಸನೆ ಬರುತ್ತದೆ, ಮನೆಯವರು ಕೆರೆಯ ಕಡೆಯ ಕಿಟಕಿಯನ್ನು ಮುಚ್ಚುತ್ತಾರೆ. ಹುಲ್ಲುಹಾಸು ಬೇಕೇ ಬೇಕೆಂದರೆ ಮನೆಯ ಹತ್ತಿರ ಇರಲಿ. ಅದರ ಮತ್ತು ನೀರಿನ ನಡುವೆ ಗೊಬ್ಬರ ಹಾಕದ, ಕತ್ತರಿಸದ ಪಟ್ಟೆಯೊಂದು ಇರಲಿ. ಅಗಲ ಹೆಚ್ಚಿದಷ್ಟೂ ಒಳ್ಳೆಯದು.

ದುಡಿಮೆಯ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ 'ಏನೂ ಮಾಡಬೇಕಿಲ್ಲ' ಎಂಬ ಮಾತು ಸುಳ್ಳು. ಮೊದಲ ಎರಡು ವರ್ಷ ಕಳೆ ಕೀಳಬೇಕು, ಸತ್ತ ತೆಂಡೆಗಳ ಜಾಗದಲ್ಲಿ ಹೊಸವನ್ನು ನೆಡಬೇಕು, ದನ ಮೇಯದಂತೆ ನೋಡಿಕೊಳ್ಳಬೇಕು. ಅನಂತರ ವರ್ಷಕ್ಕೊಮ್ಮೆ ಲಾಮಂಚವನ್ನು ಸವರಿದರೆ ಸಾಕು. ನೆಡಲು ಸೂಕ್ತ ಕಾಲ ಜೂನ್ ಕೊನೆ; ಕೆರೆ ತುಂಬುವ ಮುನ್ನ ಬೇರಿಗೆ ಎರಡು-ಮೂರು ತಿಂಗಳು ಸಿಗುತ್ತದೆ.

ತರಗತಿಯಲ್ಲಿ ಮಾಡಿ ನೋಡಿ

ಮೀಟರ್ ಉದ್ದದ ಒಂದು ತಗಡಿನ ತಟ್ಟೆ ಅಥವಾ ಹಳೆಯ ಮೀನಿನ ತೊಟ್ಟಿ ತೆಗೆದುಕೊಳ್ಳಿ. ತಳಕ್ಕೆ ಎರಡು ಬೆರಳು ದಪ್ಪ ಸಣ್ಣ ಮರಳು ಹರಡಿ, ಒಂದು ತುದಿಯಲ್ಲಿ ಇಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಮರಳಿನ ಮೇಲೆ ನಾಲ್ಕು ಬೆರಳು ನೀರು ತುಂಬಿ. ಇನ್ನೊಂದು ತುದಿಯಲ್ಲಿ ಹಲಗೆಯೊಂದನ್ನು ಸೆಕೆಂಡಿಗೆ ಎರಡು ಬಾರಿಯಂತೆ ಹತ್ತು ನಿಮಿಷ ಅಲುಗಿಸಿ. ಇಟ್ಟಿಗೆಯ ಎದುರಿಗೆ ಮರಳು ಎಲ್ಲೆಲ್ಲಿ ಕೊರೆದಿದೆ, ಎಲ್ಲೆಲ್ಲಿ ಗುಡ್ಡೆಯಾಗಿದೆ ಎಂದು ಅಳತೆಪಟ್ಟಿಯಿಂದ ಗುರುತಿಸಿ. ಈಗ ಇಟ್ಟಿಗೆ ತೆಗೆದು, ಅದೇ ಜಾಗದಲ್ಲಿ ಐದಕ್ಕೆ ಒಂದರ ಮರಳಿನ ಇಳಿಜಾರು ಮಾಡಿ ಪುನರಾವರ್ತಿಸಿ. ಮೂರನೆಯ ಸಲ ಆ ಇಳಿಜಾರಿನ ಮುಂದೆ ಪೊರಕೆಕಡ್ಡಿಗಳನ್ನು ಬೆರಳಗಲದ ಅಂತರದಲ್ಲಿ ಚುಚ್ಚಿ, ನೀರು ಇಳಿಜಾರಿನ ಮೇಲೆ ಎಷ್ಟು ಏರುತ್ತದೆ ಎಂಬುದನ್ನು ಎರಡನೆಯ ಸಲದ ಏರಿಕೆಯೊಂದಿಗೆ ಹೋಲಿಸಿ. ಕಡ್ಡಿಗಳ ಸಾಲನ್ನು ಇಮ್ಮಡಿ ಮಾಡಿದರೆ ಏರಿಕೆ ಅರ್ಧಕ್ಕೆ ಇಳಿಯುವುದೇ, ಇಲ್ಲವೇ? ಅಳೆಯುವ ಮುನ್ನ ವಿದ್ಯಾರ್ಥಿಗಳು ತಮ್ಮ ಊಹೆಯನ್ನು ಹಲಗೆಯ ಮೇಲೆ ಬರೆದಿಡಲಿ.