ಏಸಿ ಕೊಂಡರೆ ಸಾಲದು, ಕೂರಿಸುವಾಗ ಪಕ್ಕದಲ್ಲಿ ನಿಂತಿರಬೇಕು

ರಾಯದುರ್ಗ, ಕಲ್ಯಾಣದುರ್ಗ, ಆದೋನಿ ಕಡೆಯ ಬಿಸಿಲಿನ ಬಗ್ಗೆ ಈ ಪುಟದ ಓದುಗರಿಗೆ ಹೊಸದಾಗಿ ಹೇಳಬೇಕಾದ್ದೇನೂ ಇಲ್ಲ. ‘ರೋಹಿಣಿ ಕಾರ್ತೆ ಎಂಡಲಕು ರೋಳ್ಳು ಪಗುಲುತಾಯಿ’ ಎಂಬ ತೆಲುಗು ಗಾದೆ ನಮ್ಮಲ್ಲಿ ಕನ್ನಡ ಮಾತಾಡುವವರ ಬಾಯಲ್ಲೂ ಇದೆ. ರೋಹಿಣಿ ಬಿಸಿಲಿಗೆ ಒರಳುಕಲ್ಲೇ ಬಿರಿಯುವಾಗ ಮನುಷ್ಯನ ಪಾಡೇನು?

ಹಿಂದೆ ನಮ್ಮವರು ಮಾಳಿಗೆ ಮನೆ ಕಟ್ಟುತ್ತಿದ್ದರು. ದಪ್ಪ ಕಲ್ಲುಮಣ್ಣಿನ ಗೋಡೆ, ತೊಲೆ, ಜಂತೆ, ಅದರ ಮೇಲೆ ಮಣ್ಣು, ನಡುವೆ ಒಂದು ಬೆಳಕಿಂಡಿ. ಮಧ್ಯಾಹ್ನ ಹೊರಗೆ ಕಾಲಿಡಲಾಗದಿದ್ದರೂ ಒಳಗೆ ಚಾಪೆ ಹಾಸಿ ಮಲಗಬಹುದಿತ್ತು. ಈಗ ಎಲ್ಲಾ ಕಡೆ ಆರ್‌ಸಿಸಿ ಸ್ಲ್ಯಾಬು. ಅದು ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ನಮ್ಮ ಮೇಲೆ ಕಕ್ಕುತ್ತದೆ. ಕೂಲರ್ ಇಡೋಣವೆಂದರೆ ಅದಕ್ಕೆ ದಿನವೂ ಕೊಡಗಟ್ಟಲೆ ನೀರು ಬೇಕು. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಊರುಗಳಲ್ಲಿ ಅದೂ ಕಷ್ಟವೇ. ಹೀಗಾಗಿ ಹತ್ತಿ ವ್ಯಾಪಾರಿಯ ಮನೆಗಷ್ಟೇ ಇದ್ದ ಏಸಿ ಈಗ ಶೇಂಗಾ ಬೆಳೆಯುವವನ ಮನೆಗೂ ಬರುತ್ತಿದೆ. ಮನೆಯಲ್ಲಿ ಎಂಬತ್ತು ದಾಟಿದ ತಾಯಿಯೋ, ಬಾಣಂತನಕ್ಕೆ ಬಂದ ಮಗಳೋ ಇದ್ದರೆ ಇದನ್ನು ಷೋಕಿ ಅನ್ನೋದಕ್ಕೆ ಆಗೋದಿಲ್ಲ. ಜಿಎಸ್‌ಟಿ ಕೂಡ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿದ ಮೇಲೆ ಕೊಳ್ಳುವವರು ಹೆಚ್ಚಿದ್ದಾರೆ.

ಆದರೆ ಒಂದು ಮಾತು. ಎತ್ತು ಕೊಳ್ಳುವಾಗ ಹಲ್ಲು ನೋಡುವ ನಾವು, ಏಸಿ ಕೊಳ್ಳುವಾಗಲೂ ಹತ್ತು ಅಂಗಡಿ ತಿರುಗುತ್ತೇವೆ. ಅದನ್ನು ಗೋಡೆಗೆ ಕೂರಿಸುವ ದಿನ ಮಾತ್ರ ಹುಡುಗರಿಗೆ ಕೋಣೆ ತೋರಿಸಿ ಹೊಲಕ್ಕೋ ಅಂಗಡಿಗೋ ಹೊರಟುಬಿಡುತ್ತೇವೆ. ಆ ಎರಡು ಮೂರು ಗಂಟೆಯಲ್ಲೇ ಏಸಿಯ ಆಯುಷ್ಯ ತೀರ್ಮಾನವಾಗುತ್ತದೆ ಎಂಬುದು ನಾನು ಕಂಡುಕೊಂಡ ಸಂಗತಿ.

ಬೋರ್ ಮೋಟರ್ ಬಲ್ಲವರಿಗೆ ಇದು ಹೊಸದಲ್ಲ

ಫ್ರಿಜ್ಜನ್ನು ತಂದು ಪ್ಲಗ್ ಹಾಕಿದರೆ ಮುಗಿಯಿತು. ಅದರ ಗ್ಯಾಸಿನ ದಾರಿಯೆಲ್ಲ ಕಾರ್ಖಾನೆಯಲ್ಲೇ ಬೆಸೆದು ಮುಚ್ಚಿರುತ್ತಾರೆ. ಸ್ಪ್ಲಿಟ್ ಏಸಿ ಹಾಗಲ್ಲ. ಅದು ಎರಡು ತುಂಡಾಗಿ ಮನೆಗೆ ಬರುತ್ತದೆ. ಒಳಗಿನ ಪೆಟ್ಟಿಗೆ ಕೋಣೆಯ ಗೋಡೆಗೆ, ಹೊರಗಿನ ಪೆಟ್ಟಿಗೆ ಬಯಲಿಗೆ. ಇವೆರಡನ್ನೂ ಎರಡು ತಾಮ್ರದ ಪೈಪುಗಳು ಕೂಡಿಸುತ್ತವೆ. ಎರಡು ಪೈಪಿಗೆ ಎರಡೆರಡು ತುದಿ, ಒಟ್ಟು ನಾಲ್ಕು ಜಾಯಿಂಟು. ಈ ನಾಲ್ಕೂ ಬೀಳುವುದು ನಿಮ್ಮ ಮನೆಯಲ್ಲೇ.

ಹೊರಗಿನ ಪೆಟ್ಟಿಗೆಯಲ್ಲಿರುವ ಕಂಪ್ರೆಸರ್ ಒಂದು ಮೋಟರ್, ಒಂದು ಪಂಪು, ಎರಡೂ ಸೇರಿದ ಯಂತ್ರ. ಬೋರಿನ ಮೋಟರ್ ನೀರನ್ನು ಮೇಲೆತ್ತಿದರೆ ಇದು ಕೋಣೆಯ ಬಿಸಿಯನ್ನು ಗ್ಯಾಸಿನ ಮೇಲೆ ಹೊರಿಸಿ ಹೊರಗೆ ಹಾಕುತ್ತದೆ. ಆ ಗ್ಯಾಸು ಒಳಗೂ ಹೊರಗೂ ಸುತ್ತುತ್ತಲೇ ಇರುತ್ತದೆ, ಖರ್ಚಾಗುವುದಿಲ್ಲ. ಈ ಒಂದು ಮಾತನ್ನು ನೆನಪಿಟ್ಟರೆ ಎಷ್ಟೋ ದುಡ್ಡು ಉಳಿಯುತ್ತದೆ.

ನಮ್ಮ ಬೀಗರ ಮನೆಯಲ್ಲಿ ಆದದ್ದನ್ನೇ ಕೇಳಿ. ಅವರು ಬಟ್ಟೆ ವ್ಯಾಪಾರದವರು. 2022ರಲ್ಲಿ ಒಂದೂವರೆ ಟನ್ನಿನ ಏಸಿ ಹಾಕಿಸಿದರು. ಮರುವರ್ಷ ಏಪ್ರಿಲ್‌ನಲ್ಲಿ ತಣ್ಣಗಾಗಲಿಲ್ಲ. ಬಂದ ಹುಡುಗ ‘ಗ್ಯಾಸ್ ಅಯಿಪೋಯಿಂದಿ ಸಾರ್’ ಎಂದು ಗ್ಯಾಸ್ ತುಂಬಿ ದುಡ್ಡು ತಗೊಂಡು ಹೋದ. 2024ರಲ್ಲೂ ಅದೇ ಕತೆ. ‘ಬೀಗ್ರೇ, ಎಮ್ಮೆಗೆ ಹಿಂಡಿ ಇಟ್ಟಂಗೆ ಇದಕ್ಕೆ ವರ್ಷಾ ವರ್ಷಾ ಗ್ಯಾಸ್ ಕುಡಿಸಬೇಕು, ಹಾಲು ಮಾತ್ರ ಕೊಡಲ್ಲ’ ಎಂದು ನನ್ನೆದುರು ನಕ್ಕರು. ಮೂರನೆಯ ಸಲ ಬಳ್ಳಾರಿಯಿಂದ ಒಬ್ಬ ಹಿರಿಯ ಮೆಕ್ಯಾನಿಕ್‌ನನ್ನು ಕರೆಸಿದರು. ಆತ ಸಿಲಿಂಡರ್ ಕೆಳಗಿಡುವ ಮೊದಲೇ ಜಾಯಿಂಟಿನ ಮೇಲೆ ಬೆರಳಾಡಿಸಿದ. ಅಲ್ಲಿ ಎಣ್ಣೆ ಜಿಡ್ಡು, ಜಿಡ್ಡಿನ ಮೇಲೆ ಧೂಳು. ‘ಗ್ಯಾಸೇನು ಊದುಬತ್ತಿಯೇನ್ರೀ, ಉರಿದು ಮುಗಿಯೋಕೆ? ಇಲ್ಲಿ ಸೋರತೈತೆ ನೋಡ್ರಿ’ ಅಂದ. ನಟ್ಟು ಬಿಚ್ಚಿದರೆ ತಾಮ್ರದ ಪೈಪಿನ ಬಾಯಿ ಸೀಳಿತ್ತು. ಮೊದಲ ದಿನ ಅವಸರದಲ್ಲಿ ಬಿಗಿದ ಪಾಪ. ಆ ತುದಿ ಕತ್ತರಿಸಿ ಹೊಸದಾಗಿ ಬಾಯಿ ತೆರೆದು ಕೂಡಿಸಿದ. ಆಮೇಲೆ ಗ್ಯಾಸಿನ ಮಾತೇ ಬಂದಿಲ್ಲ.

ಪೈಪು, ಜಾಯಿಂಟು, ವ್ಯಾಕ್ಯೂಮ್

ಪೈಪಿನ ತುದಿಯನ್ನು ಗಂಟೆ ಹೂವಿನ ಬಾಯಿಯಂತೆ ಅಗಲಿಸುವುದಕ್ಕೆ ಫ್ಲೇರಿಂಗ್ ಅಂತಾರೆ. ಅದು ದುಂಡಗೆ, ನುಣುಪಾಗಿ ಇರಬೇಕು. ನಟ್ಟನ್ನು ಎರಡು ಸ್ಪ್ಯಾನರ್ ಹಿಡಿದು ಹದವಾಗಿ ಬಿಗಿಯಬೇಕು. ಸಡಿಲಾದರೆ ಸೋರುತ್ತದೆ, ಹೆಚ್ಚು ಬಿಗಿದರೆ ಸೀಳುತ್ತದೆ. ಪೈಪನ್ನು ಬಗ್ಗಿಸುವಾಗ ಎಲ್ಲೂ ನುಗ್ಗಾಗಬಾರದು. ಎರಡೂ ಪೈಪಿಗೆ ಬೇರೆ ಬೇರೆ ಕಪ್ಪು ಫೋಮಿನ ಹೊದಿಕೆ ಇರಬೇಕು.

ಮುಂದಿನದು ಎಲ್ಲಕ್ಕಿಂತ ಮುಖ್ಯ. ಪೈಪು ಕೂಡಿಸಿದಾಗ ಅದರೊಳಗೆ ಗಾಳಿಯೂ ತೇವವೂ ಉಳಿದಿರುತ್ತವೆ. ತೇವ ಕಂಪ್ರೆಸರಿನ ಎಣ್ಣೆಯ ಜತೆ ಬೆರೆತು ಆಮ್ಲವಾಗಿ, ಕಾಲಕ್ರಮದಲ್ಲಿ ಮೋಟರಿನ ವೈಂಡಿಂಗನ್ನೇ ತಿನ್ನುತ್ತದೆ. ಆದ್ದರಿಂದ ವ್ಯಾಕ್ಯೂಮ್ ಪಂಪು ಜೋಡಿಸಿ ಕಡಿಮೆಯೆಂದರೂ ಹದಿನೈದಿಪ್ಪತ್ತು ನಿಮಿಷ ಒಳಗಿನ ಗಾಳಿಯನ್ನೆಲ್ಲ ಎಳೆಯಬೇಕು. ಗೇಜಿನ ಮುಳ್ಳು ಸೊನ್ನೆಗಿಂತ ಕೆಳಗಿಳಿದ ಮೇಲೆ ಪಂಪು ನಿಲ್ಲಿಸಿ ಹತ್ತು ನಿಮಿಷ ಕಾಯಬೇಕು. ಮುಳ್ಳು ಕದಲದಿದ್ದರೆ ಜಾಯಿಂಟು ಭದ್ರ. ಮೇಲೇರಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಆಮೇಲೆ ವಾಲ್ವ್ ತೆರೆದು, ಜಾಯಿಂಟಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಬೇಕು.

ಬಹಳ ಕಡೆ ಈ ಕೆಲಸವನ್ನು ಹಾರಿಸುತ್ತಾರೆ. ಯಂತ್ರದೊಳಗಿನ ಗ್ಯಾಸನ್ನೇ ಒಂದಿಷ್ಟು ಬುಸ್ ಎನಿಸಿ ‘ಗಾಳಿ ಹೊರಗೆ ಹೋಯಿತು’ ಅಂತಾರೆ. ಅದಕ್ಕೆ ಒಪ್ಪಬೇಡಿ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಇನ್ನೊಂದು ಎಚ್ಚರಿಕೆ: ಸೋರಿಕೆ ಪರೀಕ್ಷೆಗೆ ಒತ್ತಡ ಕೊಡುವುದಾದರೆ ನೈಟ್ರೋಜನ್ ಮಾತ್ರ ಬಳಸಬೇಕು. ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರ್ ತಂದರೆ ಕೂಡಲೇ ತಡೆಯಿರಿ. ಆಕ್ಸಿಜನ್ನು ಎಣ್ಣೆಗೆ ತಾಗಿದರೆ ಸ್ಫೋಟವಾಗಿ ಪ್ರಾಣವೇ ಹೋಗಬಹುದು.

ಈಗಿನ ಬಹುಪಾಲು ಏಸಿಗಳಲ್ಲಿ ಇರುವುದು ಆರ್-32 ಗ್ಯಾಸು. ಹಳೆಯ ಆರ್-22ರಂತೆ ಇದು ಓಝೋನ್ ಪದರವನ್ನು ಕೆಡಿಸುವುದಿಲ್ಲ. ಆದರೆ ಸ್ವಲ್ಪ ಹೊತ್ತಿಕೊಳ್ಳುವ ಗುಣವಿದೆ, ಆದ್ದರಿಂದ ಕೆಲಸ ನಡೆಯುವಾಗ ಹತ್ತಿರ ಬೀಡಿ ಸೇದಬಾರದು. ಭೂಮಿಯನ್ನು ಕಾಯಿಸುವ ಶಕ್ತಿಯಲ್ಲಿ, ನೂರು ವರ್ಷದ ಲೆಕ್ಕದಲ್ಲಿ, ಸೋರಿದ ಒಂದು ಕೆಜಿ ಆರ್-32 ಸುಮಾರು 675 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮ. ಮಳೆಯನ್ನೇ ನಂಬಿದ ನಾವು ಇದನ್ನೂ ಯೋಚಿಸಬೇಕಲ್ಲವೆ?

ನಮ್ಮ ಗೋಡೆ, ನೆರೆಯವರ ಕಿಟಕಿ

ಒಳಗಿನ ಪೆಟ್ಟಿಗೆ ನೆಲದಿಂದ ಏಳೆಂಟು ಅಡಿ ಎತ್ತರದಲ್ಲಿ, ಮೇಲೆ ಸೂರಿಗೆ ಅರ್ಧ ಅಡಿ ಜಾಗ ಬಿಟ್ಟು ಇರಲಿ. ಗಾಳಿ ಮಲಗಿದವರ ಮುಖಕ್ಕೆ ನೇರವಾಗಿ ಹೊಡೆಯಬಾರದು. ಬಾಣಂತಿ, ಕೂಸು ಇದ್ದ ಕಡೆಯಂತೂ ಇದನ್ನು ಮೊದಲು ನೋಡಬೇಕು. ಪೈಪಿಗಾಗಿ ಗೋಡೆಗೆ ಕೊರೆಯುವ ತೂತು ಹೊರಗಡೆಗೆ ಸ್ವಲ್ಪ ಇಳಿಜಾರಾಗಿರಬೇಕು. ಇಲ್ಲದಿದ್ದರೆ ನೀರು ವಾಪಸು ಬಂದು ಹಾಸಿಗೆ ಮೇಲೆ ತೊಟ್ಟಿಕ್ಕುತ್ತದೆ. ಪೈಪು ಹಾಯಿಸಿದ ಮೇಲೆ ಉಳಿದ ಸಂದನ್ನು ಮುಚ್ಚಿಸಿ, ಇಲಿ ಹಲ್ಲಿಗೆ ಅದೇ ಹೆದ್ದಾರಿಯಾಗುತ್ತದೆ. ನೀರಿಳಿಯುವ ಪೈಪಿನ ತುದಿಯನ್ನು ಒಂದು ಗಿಡದ ಬುಡಕ್ಕೆ ಬಿಡಿ. ಆ ನೀರು ನೆಲ ಒರೆಸುವುದಕ್ಕೂ ಆದೀತು, ಕುಡಿಯುವುದಕ್ಕೆ ಬೇಡ.

ನಮ್ಮ ಹಳೆಯ ಕಲ್ಲುಮಣ್ಣಿನ ಗೋಡೆಗಳಲ್ಲಿ ಒಂದು ತೊಡಕಿದೆ. ಸಿಮೆಂಟು ಗೋಡೆಗೆ ಹೊಡೆಯುವ ಬೋಲ್ಟು ಮಣ್ಣಿನಲ್ಲಿ ಹಿಡಿತ ಕಾಣುವುದಿಲ್ಲ. ಹೊರಗಿನ ಪೆಟ್ಟಿಗೆ ಮೂವತ್ತು ಕೆಜಿಯ ಆಸುಪಾಸು ತೂಗುತ್ತದೆ, ಓಡುವಾಗ ಅದುರುತ್ತದೆ. ಅದು ಕಳಚಿ ಕೆಳಗೆ ಆಡುವ ಮಕ್ಕಳ ಮೇಲೆ ಬಿದ್ದರೆ? ಅಂಥ ಮನೆಗಳಲ್ಲಿ ಗೋಡೆಗೆ ನೇತುಹಾಕುವ ಬದಲು ನೆಲದ ಮೇಲೆ ಕಟ್ಟೆ ಕಟ್ಟಿ ಅಥವಾ ಕಬ್ಬಿಣದ ಸ್ಟ್ಯಾಂಡಿಟ್ಟು ಕೂರಿಸುವುದೇ ಲೇಸು. ಹಿಂದುಗಡೆ ಒಂದಡಿ ಜಾಗ, ಮುಂದುಗಡೆ ಬಯಲು ಇರಲಿ. ದನದ ಕೊಟ್ಟಿಗೆ, ಹೊಟ್ಟಿನ ಬಣವೆ, ಶೇಂಗಾ ಒಕ್ಕುವ ಜಾಗದ ಹತ್ತಿರ ಬೇಡ. ಧೂಳು ಜಾಲರಿಯನ್ನು ಮುಚ್ಚಿ ಯಂತ್ರ ಉಸಿರುಗಟ್ಟುತ್ತದೆ. ನೆರೆಯವರ ಕಿಟಕಿಗೆ ಎದುರಾಗಿಯೂ ಇಡಬೇಡಿ. ನಮ್ಮ ಕೋಣೆಯ ಬಿಸಿಯನ್ನು ಅವರ ಹಾಸಿಗೆಗೆ ಸಾಗಿಸುವುದು ನ್ಯಾಯವಲ್ಲ. ಹಿಂದೆ ಬದುವಿಗೆ ಆಗುತ್ತಿದ್ದ ಜಗಳ ಈಗ ಏಸಿ ಗಾಳಿಗೂ ಆಗುತ್ತಿದೆ.

ಕರೆಂಟಿನ ಲೆಕ್ಕ

ಒಂದೂವರೆ ಟನ್ನಿನ ಏಸಿ ಪೂರ್ತಿ ಓಡುವಾಗ ಏಳೆಂಟು ಆಂಪ್ ಎಳೆಯುತ್ತದೆ. ದೀಪಕ್ಕೆಂದು ಎಳೆದ ಸಣ್ಣ ವೈರಿಗೆ ಇದು ಭಾರ. ಮೇನ್ ಬೋರ್ಡಿನಿಂದ 4 ಚದರ ಮಿಲಿಮೀಟರಿನ ತಾಮ್ರದ ವೈರು, 20 ಆಂಪಿನ ಪ್ರತ್ಯೇಕ ಎಂಸಿಬಿ ಹಾಕಿಸಿ. ಬಿಲ್ಲಿನ ಮೇಲಿರುವ ಮಂಜೂರಾದ ಲೋಡು ಒಂದೇ ಕಿಲೋವಾಟ್ ಇದ್ದರೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಿ. ತೋಟದ ಮನೆಯವರು ಪಂಪ್‌ಸೆಟ್ಟಿನ ಲೈನಿಗೆ ಏಸಿ ಜೋಡಿಸಬಾರದು. ಅದು ನಿಯಮಕ್ಕೂ ವಿರುದ್ಧ, ಯಂತ್ರಕ್ಕೂ ಕೇಡು.

ಅರ್ತಿಂಗ್ ಬಗ್ಗೆ ರಾಜಿ ಬೇಡ. ಕೆಲವರು ಗುಂಡಿ ತೋಡುವ ಶ್ರಮ ತಪ್ಪಿಸಿಕೊಳ್ಳಲು ನ್ಯೂಟ್ರಲ್ ವೈರನ್ನೇ ಅರ್ತ್ ಪಿನ್ನಿಗೆ ಸುತ್ತಿಬಿಡುತ್ತಾರೆ. ಎಂದಾದರೂ ನ್ಯೂಟ್ರಲ್ ಕಡಿದರೆ ಯಂತ್ರದ ತಗಡಿನ ಮೈಯೆಲ್ಲ ಕರೆಂಟಾಗುತ್ತದೆ. ಸರಿಯಾದ ಗುಂಡಿ, ಜತೆಗೆ 30 ಮಿಲಿಆಂಪಿನ ಆರ್‌ಸಿಸಿಬಿ, ಇವೆರಡೂ ಇರಲಿ.

ಹಳ್ಳಿಯಲ್ಲಿ ವೋಲ್ಟೇಜ್ ಒಂದೇ ಸಮ ಇರುವುದಿಲ್ಲ. ಸಂಜೆ ಏಳೆಂಟು ಗಂಟೆಗೆ ಮೀಟರ್ ಹಿಡಿಸಿ ಅಳೆಯಿರಿ. ‘ಸ್ಟೆಬಿಲೈಜರ್ ಬೇಕಿಲ್ಲ’ ಎಂದು ಬರೆದ ಏಸಿಗೂ ಎಷ್ಟರಿಂದ ಎಷ್ಟು ವೋಲ್ಟಿನವರೆಗೆ ಎಂಬ ಮಿತಿ ಇದ್ದೇ ಇದೆ. ನಿಮ್ಮ ಮನೆಯ ಅಳತೆ ಅದರ ಹೊರಗಿದ್ದರೆ ಸ್ಟೆಬಿಲೈಜರ್ ಹಾಕಿಸಲೇಬೇಕು.

ಟನ್ ಎಂದರೆ ಯಂತ್ರದ ತೂಕ ಎಂದು ತಿಳಿದವರಿದ್ದಾರೆ. ಎರಡು ಸಾವಿರ ಪೌಂಡು ಮಂಜುಗಡ್ಡೆ ಒಂದು ದಿನದಲ್ಲಿ ಕರಗುವಾಗ ಹೀರುವಷ್ಟು ಬಿಸಿಯನ್ನು ಹೊರಹಾಕುವ ಶಕ್ತಿಗೆ ಒಂದು ಟನ್ ಅಂತಾರೆ. ಹತ್ತು ಹನ್ನೆರಡು ಅಡಿಯ ಕೋಣೆಗೆ ಒಂದು ಟನ್ ಸಾಕು. ಮೇಲೆ ಬರೀ ಸ್ಲ್ಯಾಬಿದ್ದು ಪಡುವಣ ಬಿಸಿಲು ಬೀಳುವಂತಿದ್ದರೆ ಒಂದೂವರೆ ಬೇಕಾದೀತು. ಅದಕ್ಕೆ ಮೊದಲು ಸ್ಲ್ಯಾಬಿನ ಮೇಲೆ ದಪ್ಪಗೆ ಬಿಳಿ ಸುಣ್ಣ ಬಳಿಸಿ. ಬಿಳಿ ಬಣ್ಣ ಬಿಸಿಲನ್ನು ವಾಪಸು ಕಳಿಸುತ್ತದೆ. ತೆಲಂಗಾಣ ಸರ್ಕಾರ 2023ರಲ್ಲಿ ಇದನ್ನೇ ‘ಕೂಲ್ ರೂಫ್’ ನೀತಿಯಾಗಿ ತಂದಿತು.

ಸ್ಟಾರ್ ಪಟ್ಟಿಯ ಮೇಲೆ ವರ್ಷಕ್ಕೆ ಇಷ್ಟು ಯೂನಿಟ್ ಎಂದಿರುವುದು 1600 ಗಂಟೆಯ ಲೆಕ್ಕ. ದಿನಕ್ಕೆ ಎಂಟು ಗಂಟೆಯಂತೆ 200 ದಿನ ಎಂದುಕೊಳ್ಳಿ. 2020ರ ಜನವರಿಯಿಂದ ಸ್ಟಾರ್ ಗುರುತಿನ ಏಸಿಗಳು 24 ಡಿಗ್ರಿಯಲ್ಲೇ ಶುರುವಾಗುವಂತೆ ನಿಯಮವಿದೆ. ಒಂದೊಂದು ಡಿಗ್ರಿ ಏರಿಸಿದಂತೆ ಶೇಕಡಾ 6ರಷ್ಟು ಕರೆಂಟು ಉಳಿಯುತ್ತದೆ ಎಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. 26ಕ್ಕೆ ಇಟ್ಟು ಫ್ಯಾನ್ ನಿಧಾನಕ್ಕೆ ಹಾಕಿದರೆ ಮುದುಕರಿಗೂ ಹಿತ, ಬಿಲ್ಲಿಗೂ ಹಿತ.

ಕೆಲಸದ ಹುಡುಗರ ಕಡೆಯೂ ನೋಡಿ

ಅವಸರದ ಕೆಲಸಕ್ಕೆ ಹುಡುಗರನ್ನಷ್ಟೇ ಬೈದರೆ ಪ್ರಯೋಜನವಿಲ್ಲ. ಏಪ್ರಿಲ್, ಮೇನಲ್ಲಿ ಅವರಿಗೆ ದಿನಕ್ಕೆ ಐದಾರು ಮನೆ. ಒಂದೊಂದು ಏಸಿಗೆ ಇಷ್ಟು ಎಂದು ಕೂಲಿ. ಕಾದ ಮಹಡಿಯ ಮೇಲೆ, ಸೊಂಟಕ್ಕೆ ಬೆಲ್ಟಿಲ್ಲದೆ ಸಜ್ಜೆಯ ಅಂಚಿನಲ್ಲಿ ನಿಂತು ಮೂವತ್ತು ಕೆಜಿ ಎತ್ತುವವರು ಅವರೇ. ನಾವೂ ‘ಬೇಗ ಮುಗಿಸ್ರಪ್ಪಾ’ ಎಂದು ಅವಸರಿಸಿದರೆ ಅವರು ಬಿಡುವುದು ವ್ಯಾಕ್ಯೂಮ್ ಹಾಕುವ ಆ ಅರ್ಧ ಗಂಟೆಯನ್ನೇ. ಸಾಧ್ಯವಾದರೆ ಸಂಕ್ರಾಂತಿ ಕಳೆದ ಮೇಲೆ, ಬಿಸಿಲೇರುವ ಮುಂಚೆಯೇ ಹಾಕಿಸಿ. ಬೆಳಗಿನ ಮೊದಲ ಕೆಲಸ ನಿಮ್ಮದಾಗಿರಲಿ. ಅವರಿಗೆ ಮಜ್ಜಿಗೆ ಕೊಡಿ, ಏಣಿ ಹಿಡಿಯಿರಿ, ಪಂಪು ಓಡುವಷ್ಟು ಹೊತ್ತು ಜತೆಗೇ ಕೂತಿರಿ.

ಪೈಪು ಎಷ್ಟು ಅಡಿ, ಸ್ಟ್ಯಾಂಡಿಗೆ ಎಷ್ಟು, ತೂತಿಗೆ ಎಷ್ಟು ಎಂದು ಮೊದಲೇ ಮಾತಾಡಿ ಬರೆಸಿಕೊಳ್ಳಿ. ಮುಗಿದ ಮೇಲೆ ವಾರಂಟಿ ಕಾರ್ಡಿನ ಬೆನ್ನಿಗೆ ದಿನಾಂಕ, ಗ್ಯಾಸಿನ ಹೆಸರು, ವ್ಯಾಕ್ಯೂಮ್ ಎಷ್ಟು ನಿಮಿಷ ಎಂಬುದನ್ನು ಬರೆದು ಅವರ ರುಜು ಹಾಕಿಸಿ. ಮುಂದಿನ ಬೇಸಿಗೆಯಲ್ಲಿ ಯಾರಾದರೂ ‘ಗ್ಯಾಸ್ ಅಯಿಪೋಯಿಂದಿ’ ಎಂದರೆ ಸಿಲಿಂಡರ್ ಕೆಳಗಿಡಿಸಿ, ‘ಎಲ್ಲಿ ಸೋರಿದೆ, ಮೊದಲು ಅದನ್ನು ತೋರಿಸಪ್ಪಾ’ ಎಂದು ಕೇಳಿ. ಅದನ್ನು ಕನ್ನಡದಲ್ಲಾದರೂ ಕೇಳಿ, ತೆಲುಗಿನಲ್ಲಾದರೂ ಕೇಳಿ. ಕೇಳದೆ ಮಾತ್ರ ದುಡ್ಡು ಕೊಡಬೇಡಿ.