ಯಾವ ದಿನ ಸೇರಿದಿರಿ?

ಆಂಧ್ರದ ಕರ್ನೂಲು ಜಿಲ್ಲೆಯ ಸಿ. ಬೆಳಗಲ್ ಮಂಡಲದ ಗುಂಡ್ರೇವುಲದಲ್ಲಿ ಹೊಳೆದಂಡೆಗೆ ನಿಂತರೆ ತುಂಗಭದ್ರೆಯ ಆಚೆ ದಡ ಕಾಣುತ್ತದೆ. ಅದು ತೆಲಂಗಾಣ. ಎರಡೂ ದಡ ಒಂದೇ ರಾಜ್ಯದಲ್ಲಿದ್ದ ಕಾಲದಲ್ಲೂ ಕಾಲೇಜು ಸೀಟಿನ ಲೆಕ್ಕದಲ್ಲಿ ಅವು ಒಂದಾಗಿರಲಿಲ್ಲ. 1974ರ ರಾಷ್ಟ್ರಪತಿ ಆದೇಶ ಕರ್ನೂಲನ್ನು ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯದ ವ್ಯಾಪ್ತಿಗೂ ಆಚೆಯ ಮೆಹಬೂಬ್‌ನಗರವನ್ನು ಉಸ್ಮಾನಿಯಾ ವ್ಯಾಪ್ತಿಗೂ ಸೇರಿಸಿ, ಶೇ. 85ರಷ್ಟು ಸೀಟುಗಳನ್ನು ‘ಲೋಕಲ್’ ಮಕ್ಕಳಿಗೆ ಮೀಸಲಿಟ್ಟಿತು. ಒಳಗಿನವರು ಯಾರು, ಹೊರಗಿನವರು ಯಾರು ಎಂಬ ಪ್ರಶ್ನೆಯನ್ನು ಇಲ್ಲಿನ ಮನೆಗಳು ಐವತ್ತು ವರ್ಷಗಳಿಂದ ಬಲ್ಲವು.

ಮಗಳೋ ಮಗನೋ ಎಂ.ಎಸ್. ಓದಲು ವಿದೇಶಕ್ಕೆ ಹೊರಟಾಗ ಅದೇ ಪ್ರಶ್ನೆ ಫೀಜಿನ ರೂಪದಲ್ಲಿ ಎದುರಾಗುತ್ತದೆ. ಇಂಗ್ಲೆಂಡಿನ ವಿಶ್ವವಿದ್ಯಾಲಯಗಳಲ್ಲಿ ‘ಹೋಮ್’ ಮತ್ತು ‘ಓವರ್‌ಸೀಸ್’ ಎಂಬ ಎರಡು ದರಗಳಿವೆ. ಹೋಮ್ ದರ ಸಿಗಬೇಕಾದರೆ ಸಾಮಾನ್ಯವಾಗಿ ಅಲ್ಲಿ ಕಾಯಂ ವಾಸದ ಹಕ್ಕಿರಬೇಕು, ಕೋರ್ಸಿಗೆ ಮೊದಲು ಮೂರು ವರ್ಷ ಅಲ್ಲೇ ವಾಸವಿದ್ದಿರಬೇಕು. ಆ ಮೂರು ವರ್ಷ ಮುಖ್ಯವಾಗಿ ಓದಿಗಾಗಿಯೇ ಇದ್ದದ್ದಾದರೆ ಅದು ಲೆಕ್ಕಕ್ಕಿಲ್ಲ. ಅಲ್ಲೇ ಪದವಿ ಮುಗಿಸಿದ ಭಾರತೀಯ ವಿದ್ಯಾರ್ಥಿ ಸ್ನಾತಕೋತ್ತರಕ್ಕೆ ಸೇರುವಾಗಲೂ ಹೊರಗಿನವನೇ. ಇದನ್ನು ತಿಳಿಯದೆ ಹಣದ ಲೆಕ್ಕ ಹಾಕಿದ ಮನೆಗೆ ದೊಡ್ಡ ಪೆಟ್ಟೇ ಬೀಳುತ್ತದೆ.

ಇನ್ನು ಬದಲಾವಣೆಗಳ ಮಾತು. ನಿಯಮ ಬದಲಾದಾಗ ಯಾವ ದಿನ ಸೇರಿದಿರಿ ಎಂಬುದೇ ಮುಖ್ಯವಾಗುತ್ತದೆ. ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟ ಮೇಲೆ, 2021ರ ಆಗಸ್ಟ್‌ನಿಂದ ಹೊಸದಾಗಿ ಸೇರುವ ಬಹುತೇಕ ಯುರೋಪಿನ ವಿದ್ಯಾರ್ಥಿಗಳು ಇಂಗ್ಲೆಂಡಿನಲ್ಲಿ ಹೋಮ್ ದರ ಕಳೆದುಕೊಂಡರು. ಅದಕ್ಕೆ ಮೊದಲೇ ಸೇರಿದವರಿಗೆ ಕೋರ್ಸು ಮುಗಿಯುವವರೆಗೂ ಹಳೆಯ ದರ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಒಕ್ಕೂಟದ ಹೊರಗಿನವರಿಗೆ ಮಾಸ್ಟರ್ಸ್ ಓದಿಗೆ ಸೆಮಿಸ್ಟರೊಂದಕ್ಕೆ 4,000ದಿಂದ 6,000 ಯೂರೋ ಫೀಜು ಇಟ್ಟಿತು. ಅಲ್ಲಿಯೂ ಆಗಲೇ ಓದುತ್ತಿದ್ದವರ ಮೇಲೆ ಹೊರೆ ಬೀಳಲಿಲ್ಲ. ಆಂಧ್ರ ಸರ್ಕಾರ 2020ರ ಡಿಸೆಂಬರ್‌ನಲ್ಲಿ 77ನೇ ಸರ್ಕಾರಿ ಆದೇಶ (ಜಿ.ಓ.) ಹೊರಡಿಸಿ ಖಾಸಗಿ ಕಾಲೇಜುಗಳ ಪಿ.ಜಿ. ವಿದ್ಯಾರ್ಥಿಗಳಿಗೆ ಫೀಜು ರೀಯಿಂಬರ್ಸ್‌ಮೆಂಟ್ ನಿಲ್ಲಿಸಿದ್ದೂ 2020–21ರ ಬ್ಯಾಚಿನಿಂದ. ಕರ್ನೂಲಿಗೆ ಬಸ್ಸಿನಲ್ಲಿ ಓಡಾಡಿ ಎಂ.ಬಿ.ಎ. ಓದುವ ಹಳ್ಳಿಯ ಮಕ್ಕಳಿಗೆ ಅದು ಸಣ್ಣ ಸಂಗತಿಯಾಗಿರಲಿಲ್ಲ.

ತಿರುಗಿ ಊರಿಗೆ ಬರುವವರ ಕಥೆ ಇನ್ನೂ ಜಟಿಲ. ಅಮೆರಿಕದಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಬೆಳೆದು, ಓಸಿಐ (ಭಾರತದ ಸಾಗರೋತ್ತರ ನಾಗರಿಕ) ಕಾರ್ಡು ಹಿಡಿದಿರುವ ಕನ್ನಡ ಮಕ್ಕಳು ಎಷ್ಟೋ ಇದ್ದಾರೆ. ವೃತ್ತಿಪರ ಕೋರ್ಸುಗಳ ಪ್ರವೇಶದಲ್ಲಿ ಇವರನ್ನು ಭಾರತೀಯ ನಾಗರಿಕರಂತೆಯೇ ಕಾಣಬೇಕೆಂದು ಕರ್ನಾಟಕ ಹೈಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿತು. ಮೂರೇ ತಿಂಗಳು. 2021ರ ಮಾರ್ಚ್ 4ರಂದು ಕೇಂದ್ರದ ಅಧಿಸೂಚನೆ ಬಂತು: ಓಸಿಐ ಮಕ್ಕಳಿಗೆ ಎನ್‌ಆರ್‌ಐ ಅಥವಾ ಹೆಚ್ಚುವರಿ ಸೀಟು ಮಾತ್ರ. ವೈದ್ಯಕೀಯದಲ್ಲಿ ಎನ್‌ಆರ್‌ಐ ಸೀಟಿನ ಫೀಜು ಸರ್ಕಾರಿ ಸೀಟಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಇಲ್ಲೇ ಶಾಲೆ ಕಲಿತ ಮಕ್ಕಳು ರಾತ್ರೋರಾತ್ರಿ ಹೊರಗಿನವರಾದರು.

2023ರ ಫೆಬ್ರವರಿ 3ರಂದು ಸುಪ್ರೀಂ ಕೋರ್ಟ್ ನ್ಯಾಯವಾದ ದಾರಿ ಹಿಡಿಯಿತು. ನ್ಯಾಯಮೂರ್ತಿ ಎ. ಎಸ್. ಬೋಪಣ್ಣ ಮತ್ತು ಸಿ. ಟಿ. ರವಿಕುಮಾರ್ ಅವರಿದ್ದ ಪೀಠ ಅಧಿಸೂಚನೆಯನ್ನು ರದ್ದು ಮಾಡಲಿಲ್ಲ, ಅದು ಮುಂದಿನವರಿಗೆ ಮಾತ್ರ ಅನ್ವಯ ಎಂದಿತು. 2021ರ ಮಾರ್ಚ್ 4ಕ್ಕೆ ಮೊದಲೇ ಓಸಿಐ ಕಾರ್ಡು ಪಡೆದವರಿಗೆ ಹಳೆಯ ಹಕ್ಕು ಉಳಿಯಿತು.

ಹಾಗಾಗಿ ಪ್ರವೇಶ ಸಿಕ್ಕಿದೆ ಎಂಬ ಪತ್ರ ಕೈಗೆ ಬಂದಾಗ ಹಣ ಕಟ್ಟುವ ಮೊದಲು ಎರಡು ಸಾಲು ಹುಡುಕಬೇಕು: ತಮ್ಮನ್ನು ಯಾವ ಫೀಜು ವರ್ಗಕ್ಕೆ ಹಾಕಿದ್ದಾರೆ, ಆ ದರ ಕೋರ್ಸು ಮುಗಿಯುವವರೆಗೂ ಅದೇ ಇರುತ್ತದೆಯೇ. ಎರಡನೆಯದಕ್ಕೆ ಉತ್ತರ ಕಾಣದಿದ್ದರೆ ಬರೆದು ಕೇಳಿ, ಬರವಣಿಗೆಯಲ್ಲೇ ಉತ್ತರ ಪಡೆಯುವುದು ಒಳ್ಳೆಯದು.